ಷರಾ ಕಾಲಂ

ಕೂಡ್ಲೂರಿನ ಕೈಗಾರಿಕಾ ಬಡಾವಣೆ.
ಕ್ಯೂರಿಂಗ್ ವರ್ಕ್ಸಿನ ತಗಡಿನ ಮಾಡಿನಡಿ
ಫೆಬ್ರವರಿ ಅಂದರೆ ಮೂಗಿನೊಳಗೆಲ್ಲ ಕಾಫಿ ಹೊಟ್ಟು.
ನಾನು ತೂಕದ ಗುಮಾಸ್ತ. ಇಪ್ಪತ್ತಾರು ವರ್ಷ
ಲಾರಿ ಬಂದರೆ ಲಾರಿ, ಜೀಪು ಬಂದರೆ ಜೀಪು,
ಮೂಟೆಯ ಲೆಕ್ಕ ಕೆಂಪು ರಟ್ಟಿನ ಪುಸ್ತಕಕ್ಕೆ.

ಹೋದ ಮಳೆಗಾಲ ಮೇದಪ್ಪನವರು ಕರೆದು,
“ಇದನ್ನೆಲ್ಲ ಕಂಪ್ಯೂಟರಿಗೆ ಏರಿಸಿ.
ಕೊಯಮತ್ತೂರಿನಿಂದ ಮಿಷನ್ನು ಬರ್ತಾ ಉಂಟು,
ಅದಕ್ಕೆ ನಮ್ಮ ಹಳೇದೆಲ್ಲ ಗೊತ್ತಿರಬೇಕಂತೆ.”
ಹೆಣ್ಣು ಕೊಡುವವರ ಹಾಗೆ ಮನೆತನ ವಿಚಾರಿಸುತ್ತದೆ,
ಅಂದುಕೊಂಡೆ.

ತಾರೀಕು, ತೋಟ, ತಳಿ, ತೇವ, ತೂಕ:
ತಕಾರದ ಐದು ಕಾಲಂ ಸಲೀಸಾಗಿ ಹತ್ತಿದವು.
ಆರನೆಯದು ಷರಾ.
ಪರದೆಯ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.
ಏನೇನೋ ಇತ್ತು ಅದರಲ್ಲಿ, ನನ್ನದೇ ಕೈಬರಹ:
ಮಾದಾಪುರದ ಮಾಲು, ಕಣದಲ್ಲಿ ನೆನೆದದ್ದು, ಬೇರೆ ಇಡುವುದು.
ಒಂಬತ್ತನೇ ಚೀಲ ನೋಡಲು ಚೆಂದ.
ಬೀಪಾತುಮ್ಮ ಮೂಸಿದರು. ಬೇಡ.
“ಅದು ಬಿಡಿ ಸಾರ್,” ಅಂದ ಮಿಷನ್ನಿನ ಹುಡುಗ ಇಳಂಗೋ,
“ಅಕ್ಷರ ಬೇಡ, ಅಂಕೆ ಸಾಕು.”
ಬಿಟ್ಟೆ. ಬೆರಳು ನೋಯುತ್ತಿತ್ತು,
ಬಿಡುವುದು ಸುಖವಾಗಿತ್ತು.

ಬೀಪಾತುಮ್ಮನನ್ನು ಹತ್ತೊಂಬತ್ತು ದಿನ
ಕ್ಯಾಮೆರಾದ ಮುಂದೆ ಕೂರಿಸಿದರು.
ಸುಂಟಿಕೊಪ್ಪದಿಂದ ಮೊದಲ ಬಸ್ಸು, ಮಡಿಲಲ್ಲಿ ಮೊರ.
ಇದು ಕಪ್ಪು, ಇದು ಕಂದು, ಇದು ಒಡಕು,
ಇದು ಕೊರಕ ಹೊಕ್ಕ ತೂತು.
ದಿನಗೂಲಿಯ ಮೇಲೆ ಇನ್ನೂರು ರೂಪಾಯಿ ಹೆಚ್ಚಿಗೆ.
“ಮದ್ರಸದ ಮಕ್ಕಳಿಗಿಂತ ಬೇಗ ಕಲೀತದೆ,” ಅಂದರು ಒಮ್ಮೆ,
“ಆದರೆ ತಿರುಗಿ ಒಂದು ಪ್ರಶ್ನೆ ಕೇಳುದಿಲ್ಲ.”

ಜನವರಿಗೆ ಶುರು.
ಟಪ್ ಟಪ್ ಗಾಳಿ ಊದಿ ಕೆಟ್ಟದ್ದನ್ನು ಹಾರಿಸುತ್ತದೆ,
ನಲವತ್ತೆರಡು ಹೆಂಗಸರ ಎಂಟು ದಿನ
ಅದಕ್ಕೆ ಒಂದು ಶಿಫ್ಟು.
ಸುಳ್ಳು ಯಾಕೆ, ಒಳ್ಳೆಯ ಕೆಲಸಗಾರ.
ಬೆಂಚುಗಳನ್ನು ಗೋಡೆಗೆ ಒರಗಿಸಿಟ್ಟರು.

ಹಾಜರಿಯೂ ಈಗ ಪರದೆಯ ಮೇಲೆ.
ಹೆಸರು ಒತ್ತಿದರೆ ಎರಡೇ ಆಯ್ಕೆ, ಸಕ್ರಿಯ, ನಿಷ್ಕ್ರಿಯ.
ಸರಸು ಶುಂಠಿ ಗದ್ದೆಗೆ ಹೋಗುತ್ತಾಳೆ.
ರುಕಿಯಾ ಹೋಂಸ್ಟೇಯಲ್ಲಿ ಹಾಸಿಗೆ ಕೊಡವುತ್ತಾಳೆ.
ಜಾನಕಿಯ ಗಂಡ ಬಂದು ಪಿ.ಎಫ್. ಎಷ್ಟಾಯಿತೆಂದು ಕೇಳಿ,
ಉತ್ತರಕ್ಕೆ ನಿಲ್ಲದೆ ಹೋದ.
ಎಲ್ಲರೂ ನಿಷ್ಕ್ರಿಯ.
ಶುಂಠಿ ಗದ್ದೆಯಲ್ಲಿ ಒಂದು ದಿನ
ನಿಷ್ಕ್ರಿಯವಾಗಿ ಬಾಗಿ ನೋಡಿ ಗೊತ್ತಾಗುತ್ತದೆ.

ಏಪ್ರಿಲಿನಲ್ಲಿ ಕೊಂಡವರ ಪತ್ರ:
ಬಣ್ಣ ಸರಿ, ಗಾತ್ರ ಸರಿ,
ಕುದಿಸಿದರೆ ಕೊಳೆತ ಮೀನು.
ಕಂಟೇನರು ಪೂರ್ತಿ ವಾಪಸು.
ಮೇದಪ್ಪನವರ ಕೋಣೆಯಲ್ಲಿ ಮೀಟಿಂಗು,
ಚಹಾ ಕೆನೆಗಟ್ಟಿತು, ಯಾರೂ ಮುಟ್ಟಲಿಲ್ಲ.
ಇಳಂಗೋ ಗ್ರಾಫು ತೋರಿಸಿದ:
ನೂರಕ್ಕೆ ತೊಂಬತ್ತೊಂಬತ್ತು.
ಉಳಿದ ಒಂದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.
ಬಾಯಿ ಬರಲಿಲ್ಲ.
ಎದ್ದು ಹೋಗಿ, ಇಲಿ ಮೂಲೆ ತಿಂದ ಪುಸ್ತಕವನ್ನು
ಬೀರುವಿನ ಕೆಳಗಿನ ಅರೆಯಿಂದ ತಂದು
ಮೇಜಿನ ಮೇಲಿಟ್ಟೆ.

ಈಗ ಬೀಪಾತುಮ್ಮನಿಗೆ ಕೊರಳಪಟ್ಟಿ, ಫೋಟೋ,
‘ಸೆನ್ಸರಿ ಅಸಿಸ್ಟೆಂಟ್’ ಎಂಬ ಹೆಸರು,
ತಿರುಗುವ ಕುರ್ಚಿ. ಅದು ಉರುಳೀತೆಂದು
ತುದಿಯಲ್ಲಿ ಕೂರುತ್ತಾರೆ, ಎರಡೂ ಪಾದ ನೆಲಕ್ಕೆ ಒತ್ತಿ.
ನನ್ನ ಹಾಳೆಗೂ ಹೊಸ ಕಾಲಂ ಬಂತು:
ವಾಸನೆ, ಒಂದರಿಂದ ಹತ್ತು.

ಮೊದಲ ದಿನ ಬೀಜ ಕುಟ್ಟಿ, ಅಂಗೈಗೆ ಸುರಿದು,
ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.
“ರಾತ್ರಿ ಮಳೆ ಹನಿದಿದೆ. ಕಣಕ್ಕೆ ಟಾರ್ಪಾಲು
ಹೊದಿಸಬೇಕಾದವ ನಿದ್ದೆ ಹೋಗಿದ್ದಾನೆ.
ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಮಗುಚಿದ್ದಾನೆ.”
ಕರ್ಸರು ಮಿಣುಕುತ್ತಲೇ ಇತ್ತು.
“ನಂಬರು ಹೇಳಿ ಬೀಪಾತುಮ್ಮ.”
ಗೋಡೆಗೊರಗಿದ ಬೆಂಚುಗಳ ಕಡೆ ನೋಡಿದರು.
“ನಲವತ್ತೊಂದು ಹಾಕಿ.”

ಹಾಕಿದೆ.
ಚೌಕ ಕೆಂಪಾಯಿತು.
ಹತ್ತಕ್ಕಿಂತ ಹೆಚ್ಚು ಅದು ಒಪ್ಪುವುದಿಲ್ಲ.