ಬೆರಳು ಎತ್ತಬೇಡ

ಝುವಾರಿನಗರದ ನಮ್ಮ ಶಾಲೆಯ ತಗಡಿನ ಮೇಲೆ
ದಾಬೋಳಿಗೆ ಇಳಿಯುವ ವಿಮಾನಗಳು
ಹೊಟ್ಟೆ ತೋರಿಸಿಕೊಂಡು ಹೋಗುತ್ತವೆ.
ಆಗ ಪಾಠ ನಿಲ್ಲುತ್ತದೆ.
ಬೆರಳು ಇದ್ದಲ್ಲೇ ಇರಲಿ, ಎನ್ನುತ್ತೇನೆ.
ಸದ್ದು ಸಮುದ್ರದ ಕಡೆ ಜಾರುವ ತನಕ
ಮೂವತ್ತೊಂದು ಪುಟಗಳ ಮೇಲೆ
ಮೂವತ್ತೊಂದು ಬೆರಳು
ಉಸಿರು ಬಿಗಿಹಿಡಿದು ಕೂತಿರುತ್ತವೆ.

ಮೂರನೇ ಇಯತ್ತೆಯ ಹುಲಿಗೆಮ್ಮ
ಗಟಗಟ ಓದುವ ಹುಡುಗಿ.
ಎಲ್ಲೂ ತಡೆಯುವುದಿಲ್ಲ, ಎಡವುವುದಿಲ್ಲ.
ತಪಾಸಣೆಗೆ ಬಂದವರ ಮುಂದೆ ನಾನೇ ಎಬ್ಬಿಸಿ ನಿಲ್ಲಿಸಿದ್ದೆ.
ಅವರು ಭೇಷ್ ಅಂದರು,
ಅದರಲ್ಲಿ ನಾನೂ ಒಂದಿಷ್ಟು ಪಾಲು ತೆಗೆದುಕೊಂಡೆ.

ಒಂದು ಮಂಗಳವಾರ
‘ಅಜ್ಜನ ಕೊಟ್ಟಿಗೆಯಲ್ಲಿ ಕಪ್ಪು ಎಮ್ಮೆ’ ಎನ್ನುವಲ್ಲಿ
ವಿಮಾನ ಬಂತು.
ಹೋಯಿತು.
ಹೂಂ, ಮುಂದೆ, ಎಂದೆ.
ಅವಳು ಬೆರಳೆತ್ತಿ ಪುಟದ ನೆತ್ತಿಗೆ ಹೋದಳು,
‘ಒಂದೂರಿನಲ್ಲಿ ಒಬ್ಬ ಅಜ್ಜನಿದ್ದ’ ಅಂತ ಮೊದಲಿನಿಂದ.
ಎಮ್ಮೆಯಿಂದ ಓದವ್ವ ಅಂದರೆ
ಎಮ್ಮೆಯನ್ನು ಚಿತ್ರದಲ್ಲಿ ಹುಡುಕಿದಳು.

ಮೂರು ವರ್ಷದಿಂದ ಈ ಹುಡುಗಿ
ನನ್ನ ದನಿಯನ್ನು ಓದುತ್ತಿದ್ದಳು.

ಡಸ್ಟರಿನಿಂದ ಚಿತ್ರ ಮುಚ್ಚಿದೆ.
ಅತ್ತಳು.
ಡಸ್ಟರು ತೆಗೆಯಲಿಲ್ಲ.
ಶಾಲೆ ಬಿಟ್ಟ ಮೇಲೆ ಇಬ್ಬರೇ ಕೂತು
ಎಮ್ಮೆಯನ್ನು ಬಿಡಿಸಿದೆವು:
ಎ, ಆಮೇಲೆ ಮೆ, ಅದರ ಬುಡದಲ್ಲಿ
ಮುದುಡಿ ಕೂತ ಇನ್ನೊಂದು ಮ.
ಬೇರೆ ಬೇರೆ ಅನ್ನು, ಈಗ ಕೂಡಿಸಿ ಅನ್ನು.
ಮರುದಿನ ಕೊಂಕಣಿ ತಾಸಿನಲ್ಲಿ
ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತೆ ಗೆರೆಗೆ ಜೋತುಬಿದ್ದ ಅಕ್ಷರ ನೋಡಿ ಬಂದು
ನಮ್ಮ ತಲಕಟ್ಟನ್ನೂ ಉದ್ದಕ್ಕೆ ಎಳೆದುಬಿಟ್ಟಳು.
ಇರಲಿ. ಮತ್ತೆ ಎ, ಮತ್ತೆ ಮೆ.

ಅವಳವ್ವ ದ್ಯಾಮವ್ವ
ಖಾರೆವಾಡದ ಧಕ್ಕೆಯಲ್ಲಿ ಸಿಗಡಿ ಸುಲಿಯುತ್ತಾಳೆ.
ಬಾಗಿಲಾಚೆಯೇ ನಿಂತು,
‘ನನಗ ಓದಾಕ ಬರಂಗಿಲ್ರಿ ಅಕ್ಕಾರ,
ನಾ ಏನ್ ಹೇಳಿಕೊಡ್ಲಿ?’ ಅಂದಳು.
ಹೇಳಿಕೊಡಬೇಡ.
ರಾತ್ರಿ ಒಂದು ಪುಟ ಓದಿಸಿ ಕೇಳು.
ಮುಗಿದ ಮೇಲೆ, ಏನಾತು ಅಂತ ಕೇಳು.

ಎಂಟು ದಿನಕ್ಕೆ ಮತ್ತೆ ಬಂದಳು.
‘ನಿನ್ನಿ ಆಕಿ ಓದ್ಲಿಲ್ರಿ, ಸುಮ್ನ ಹೇಳಿದ್ಲು.’
ನಿನಗೆ ಹೇಗೆ ಗೊತ್ತು?
‘ಓದೂ ಮುಂದ ದನಿ ಬರಿಗಾಲಿಲೆ
ಕಲ್ಲಾಗ ನಡದಂಗ ಬರತೈತ್ರಿ.
ಬಾಯಿಪಾಠ ಆದ್ರ ಎಣ್ಣಿ ಹಚ್ಚಿದಂಗ.’

ಪಣಜಿಯ ತರಬೇತಿಯಲ್ಲಿ
ಮೂರು ದಿನ ಚಾರ್ಟು ತೋರಿಸಿದ್ದರು.
ಊಟ ಚೆನ್ನಾಗಿತ್ತು.
ಈ ಮಾತನ್ನು ಅಲ್ಲಿ ಯಾರೂ ಆಡಿರಲಿಲ್ಲ.
ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ.
ಈಗ ಯಾರಾದರೂ ಗಟಗಟ ಓದಿದರೆ
ನನಗೆ ಎಣ್ಣೆಯ ವಾಸನೆ ಬರುತ್ತದೆ.
ಮೊದಲ ಬೆಂಚಿನ ನಾಲ್ವರು ಸಿಕ್ಕಿಬಿದ್ದಿದ್ದಾರೆ.

ಇನ್ನು ಮುಂದಿನದು ನಾನು ಕಂಡದ್ದಲ್ಲ,
ದ್ಯಾಮವ್ವ ಹೇಳಿದ್ದು.

ಪುಸ್ತಕ ಶಾಲೆಯಲ್ಲೇ ಮರೆತ ರಾತ್ರಿ
ಓದುವುದಕ್ಕೆ ಮನೆಯಲ್ಲಿ ಏನೂ ಇರಲಿಲ್ಲ.
ಅಕ್ಕಿಚೀಲದ ಮೇಲೆ ಇಂಗ್ಲಿಷು,
ಲೈಟ್ ಬಿಲ್ಲಿನದೂ ಅದೇ ಕತೆ.
ಟ್ರಂಕಿನ ತಳದಲ್ಲಿ
ಹೋದ ವರ್ಷ ಬಾದಾಮಿಯಿಂದ ಬಂದ
ಅಣ್ಣನ ಮಗಳ ಲಗ್ನಪತ್ರಿಕೆ.
ರಜೆ ಸಿಗದೆ ಇವರು ಹೋಗಿರಲಿಲ್ಲ.
ಅರಿಸಿನ ಹಚ್ಚಿದ್ದಕ್ಕೆ ಎಸೆದಿರಲಿಲ್ಲ.

ಹುಲಿಗೆಮ್ಮ ದೇವರ ಹೆಸರು ಓದಿದಳು,
ಕಲ್ಲಿನ ಮೇಲೆ ಕಾಲಿಟ್ಟಂತೆ.
ಮುಹೂರ್ತದಲ್ಲಿ ಮುಗ್ಗರಿಸಿದಳು, ಎದ್ದಳು.
ಕೊನೆಗೆ ‘ಸುಖಾಗಮನ ಬಯಸುವವರು’,
ಅದರ ಕೆಳಗೆ ಸಣ್ಣಕ್ಷರದ ಸಾಲು.
ದ. ಯ ಒತ್ತು.
ದ್ಯಾ,

ಅಷ್ಟರಲ್ಲಿ ಹತ್ತೂವರೆಯ ವಿಮಾನ.
ತಗಡು ಗಡಗಡ.
ಬಲ್ಬು ತೂಗಾಡಿತು.

‘ಹೋಗೂತನಕಾ ಬೆರಳ ಎತ್ತಲಿಲ್ರಿ ಅಕ್ಕಾರ.
ನಾನೂ ಮುಂದಿಂದು ಕೇಳ್ಲಿಲ್ಲ,
ಕುಂತೆ.
ಮ ಅಂದ್ಲು.
ಆಮ್ಯಾಲ ವ್ವ.’