ಹದಿನೇಳನೇ ಮೇಜು

ಹಲ್ ಶಹರದಲ್ಲಿ, ಹಂಬರ್ ನದಿ ಚಹದ ಬಣ್ಣಕ್ಕೆ ತಿರುಗಿ
ಕಡಲಿಗೆ ಹೊರಳುವಲ್ಲಿ, ಮುಚ್ಚಿದ ಬ್ಯಾಂಕೊಂದರೊಳಗೆ
ನಮ್ಮ ಪಬ್ಬು. ಇಂಥವು ದೇಶದ ತುಂಬ ಇನ್ನೂರು.
ಎಲ್ಲೆಡೆ ಅದೇ ಮೆನು, ಅದೇ ಬೆಲೆ, ಅದೇ ಬಟಾಣಿ.
ಕಾರ್ಪೆಟ್ಟು ಮಾತ್ರ ಊರಿಗೊಂದು: ನಮ್ಮದರಲ್ಲಿ
ಮೀನು, ಹಗ್ಗ, ಯಾರೂ ಗುರುತು ಹಿಡಿಯದ ಒಂದು ಹಕ್ಕಿ.
ಖಜಾನೆಯಲ್ಲೀಗ ಬಿಯರ್ ಪೀಪಾಯಿ. ಬಾಗಿಲು ಮಾತ್ರ
ಇವತ್ತಿಗೂ ಇಬ್ಬರು ತಳ್ಳಿದರೇ ಸರಿಯುತ್ತದೆ.

ಶೌಚಕ್ಕಿಳಿವ ಮೆಟ್ಟಿಲ ಪಕ್ಕ ಮರದ ಡಬ್ಬಿ.
"ನಿಮ್ಮ ಮಾತು ನಮಗೆ ಮುಖ್ಯ" ಎಂದು ಬರೆದಿದೆ.
ಸೋಮವಾರ ಬಾಗಿಲು ತೆಗೆಯುವ ಮೊದಲು
ನಾನು, ಗ್ಲಾಸು ಎತ್ತುವ ಬ್ರಯೊನಿ,
ಚೀಟಿಗಳ ಮಡಿಕೆ ಬಿಡಿಸಿ, ಅಂಗೈಯಿಂದ ನೀವಿ,
ಹೆಡ್ ಆಫೀಸಿಗೆ ನಕಲು ಬರೆದು ಕಳಿಸಬೇಕು.
ಬೈಗುಳವಿದ್ದಲ್ಲಿ ಚುಕ್ಕಿ ಇಡಬೇಕು.
ಕೆಲವು ಸೋಮವಾರ ಹಾಳೆ ತುಂಬ ನಕ್ಷತ್ರ.

"ಮೂವತ್ತೆಂಟು ಮೆಟ್ಟಿಲು. ನನ್ನ ಮೊಣಕಾಲಿಗೆ ಎಪ್ಪತ್ತಾರು ವರ್ಷ.
ಲೆಕ್ಕ ನೀವೇ ಹಾಕಿ."
"ಹಾಡಿಲ್ಲ, ಏನಿಲ್ಲ, ಸ್ಮಶಾನದ ಹಾಗಿದೆ."
"ಸದ್ಯ, ಹಾಡಿಲ್ಲ. ಹಾಕಿದಿರೋ, ಈ ಕಡೆ ತಲೆ ಹಾಕುವುದಿಲ್ಲ."
ಒಂದೇ ದಿನ, ಒಂದೇ ಹಸಿರು ಪೆನ್ನು.
ಗಂಡ ಹೆಂಡತಿ ಇರಬೇಕು.
"ಲಸಾನಿಯದ ಅಂಚು ಕುದಿಯುತ್ತಿತ್ತು. ನಡುವೆ ಗ್ರೀನ್‌ಲ್ಯಾಂಡು."

ಒಬ್ಬಳು ಮದುವೆಯ ಊಟ ಇಲ್ಲೇ ಇಟ್ಟಿದ್ದಳು.
ಹನ್ನೊಂದು ಜನ, ಎರಡು ಮೇಜು ಕೂಡಿಸಿ.
"ಇನ್ನೊಂದು ತಟ್ಟೆ ಚಿಪ್ಸು ಹಾಗೇ ತಂದಿಟ್ಟರು.
ಯಾರೆಂದು ಬರೆಯುವುದಿಲ್ಲ, ಪಾಪ, ಕೆಲಸ ಹೋದೀತು."
ನಕಲಿನಲ್ಲಿ ನಾನು ಬರೆದದ್ದು: "ಚಿಪ್ಸು ಚೆನ್ನಾಗಿತ್ತು."

ಜನವರಿಯ ಚೀಟಿ ಇನ್ನೂ ನನ್ನ ಏಪ್ರನ್ನಿನ ಜೇಬಲ್ಲಿದೆ.
"ಒಂದು ಕಪ್ಪಿನ ದುಡ್ಡಿಗೆ ಎಷ್ಟು ಸಲವಾದರೂ ಕಾಫಿ.
ನನ್ನ ಮನೆಯ ಹೀಟರಿಗೆ ಈ ಬುದ್ಧಿ ಇಲ್ಲ."
ಹೆಸರಿಲ್ಲ. ದೂರೋ, ಹೊಗಳಿಕೆಯೋ?
ಫಾರಮ್ಮಿನಲ್ಲಿರುವುದು ಎರಡೇ ಚೌಕ.
ನಡುವಿನ ಗೆರೆಯ ಮೇಲೆ ಟಿಕ್ಕು ಹಾಕಿದೆ.

ಮತ್ತೆ ವಿಲ್ಫ್ ಗಾರ್ಟನ್.
ಹದಿನೈದಕ್ಕೇ ಟ್ರಾಲರ್ ಹತ್ತಿ
ಬೇರ್ ದ್ವೀಪದಾಚೆ ಕಾಡ್ ಮೀನು ಸೀಳಿದವನು.
ಎಡಗೈಯಲ್ಲಿ ಮೂರು ಬೆರಳು, ಬರೆಯುವುದೂ ಅದರಲ್ಲೇ.
ವಾರಕ್ಕೊಂದು ಚೀಟಿ, ವಾರಕ್ಕೊಂದೇ ಸಾಲು:
"ಹದಿನೇಳನೇ ಮೇಜು ಅಲ್ಲಾಡುತ್ತದೆ."
ಪಕ್ಕದ ಹದಿನೆಂಟು ಖಾಲಿ ಇದೆಯಲ್ಲ ಎಂದರೆ
ನಾನು ಪೋರ್ಚುಗೀಸಿನಲ್ಲಿ ಮಾತಾಡಿದಂತೆ ನೋಡುತ್ತಾನೆ.

ಒಂದು ರಾತ್ರಿ ಬಿಯರ್ ಮ್ಯಾಟೊಂದನ್ನು ನಾಲ್ಕಾಗಿ ಮಡಚಿ
ಕುಂಟುಕಾಲಿಗೆ ಒತ್ತು ಕೊಟ್ಟೆ. ಮೇಜು ಕಲ್ಲಾಯಿತು.
ಸೋಮವಾರದ ಚೀಟಿ: "ಯಾವ ಮೂರ್ಖರು ಇದನ್ನು ಮಾಡಿದ್ದು?
ಗ್ಲಾಸಿನಲ್ಲಿ ಬಿಯರು ಸತ್ತ ಹಾಗೆ ಕೂತಿದೆ."
ಮ್ಯಾಟು ಕಿತ್ತೆ. ಆಮೇಲೆ ದೂರದಿಂದ ಗಮನಿಸಿದೆ:
ಮೊಣಕೈ ಊರಿ, ಮೆಲ್ಲಗೆ ಆ ಕಡೆ, ಮೆಲ್ಲಗೆ ಈ ಕಡೆ,
ಗ್ಲಾಸಿನೊಳಗೆ ಹೊಂಬಣ್ಣದ ನೀರು ವಾಲಿ, ಮರಳಿ,
ಒಂದು ಹನಿ ಚೆಲ್ಲದೆ. ಕಣ್ಣು ಕಿಟಕಿಯಾಚೆ.
ಕಿಟಕಿಯಾಚೆ ಇರುವುದು ಬಸ್ ನಿಲ್ದಾಣ.

ಅವನ ಚೀಟಿಗಳನ್ನೂ ನಾನು ತಪ್ಪದೆ ಕಳಿಸುತ್ತಿದ್ದೆ.
ಕೆಲಸವೆಂದರೆ ಕೆಲಸ. ಎರಡು ವರ್ಷಕ್ಕೆ ಉತ್ತರ ಬಂತು:
"ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ.
ಮೇಜು ಹದಿನೇಳನ್ನು ಗುರುವಾರ ಬದಲಿಸಲಾಗುವುದು."

ಬುಧವಾರ ರಾತ್ರಿ, ಕುರ್ಚಿಗಳೆಲ್ಲ ತಲೆಕೆಳಗಾದ ಮೇಲೆ,
ಬೆಣ್ಣೆಚಾಕುವಿನಿಂದ ತಿರುಪು ಬಿಚ್ಚಿ
ಹದಿನೇಳರ ಹಿತ್ತಾಳೆ ಬಿಲ್ಲೆ ಹದಿನೆಂಟಕ್ಕೆ,
ಹದಿನೆಂಟರದ್ದು ಹದಿನೇಳಕ್ಕೆ.
ವ್ಯಾನಿನವನು ಬಂದ, ನಂಬರು ನೋಡಿದ,
ಗಟ್ಟಿಮುಟ್ಟಾದ ಮೇಜೊಂದನ್ನು ಹೊತ್ತುಕೊಂಡು ಹೋದ.

ಸೋಮವಾರ ಡಬ್ಬಿ ತೆರೆದರೆ, ಎಲ್ಲಕ್ಕಿಂತ ಮೇಲೆ,
ಮೂರು ಬೆರಳಿನ ಅದೇ ಓರೆ ಅಕ್ಷರ:
"ಹದಿನೆಂಟನೇ ಮೇಜು ಅಲ್ಲಾಡುತ್ತದೆ."