ಸೀಸ ಇಳಿಸಿದ ದಿನ

ಭಾನುವಾರವೂ ಬರಬೇಕು ಅಂದರು.
ರಾಯಚೂರಿನ ಮೇ ತಿಂಗಳು, ಹೊರಗೆ ನಲವತ್ತನಾಲ್ಕು,
ಒಳಗೆ ಯಂತ್ರದ ತೊಟ್ಟಿಯಲ್ಲಿ ಇನ್ನೂರೈವತ್ತು.
ಎರಡರ ನಡುವೆ ಒಂದು ಫ್ಯಾನು,
ಬಿಸಿಯನ್ನು ಅಲ್ಲಿಂದ ಇಲ್ಲಿಗೆ ಹೊರುವ ಹಮಾಲ.

ಹನ್ನೊಂದು ವರ್ಷ ಇದೇ ಅಲೆ ನೋಡಿದ್ದೇನೆ.
ಕೃಷ್ಣೆಯಲ್ಲೂ ಇಷ್ಟು ತಿದ್ದಿದ ಅಲೆ ಏಳುವುದಿಲ್ಲ:
ಬೆರಳಗಲ ಎತ್ತರ, ಬಾಗಿ, ಮುರಿಯದೆ.
ಅದರ ಮೇಲೆ ಪಂಪ್‌ಸೆಟ್ಟಿನ ಹಸಿರು ಬೋರ್ಡುಗಳು
ಹೊಟ್ಟೆಯಷ್ಟೇ ತೋಯಿಸಿಕೊಂಡು ದಾಟುತ್ತವೆ.
ಆಚೆ ಬಂದಾಗ ಒಂದೊಂದು ಕಾಲಿಗೂ
ಕನ್ನಡಿಯಂಥ ಕಾಲುಂಗುರ.

ಆ ಹೊಳಪು ಸೀಸದ್ದು.
ಇಂದು ಅದನ್ನು ಇಳಿಸಿದೆವು.

ಮೌಲಪ್ಪ ಕೆಳಗಿನ ಬಿರಡೆ ತಿರುವಿದ.
ನೂರಾ ಎಂಬತ್ತು ಕಿಲೋ, ಹಾಲಿನ ಹಾಗೆ ಸದ್ದಿಲ್ಲದೆ
ಅಚ್ಚಿಗೆ ಬಿದ್ದು ಇಟ್ಟಿಗೆಯಾಯಿತು.
ಒಂದಿಷ್ಟು ಉಳಿದರೂ ಹೊಸದು ಕೆಡುತ್ತದೆಂದು
ಗೋಡೆ ಕೆರೆದೆವು, ಮೂಲೆ ಕೆರೆದೆವು,
ಹೆಪ್ಪು ಹಾಕುವ ಮುಂಚೆ ಗಡಿಗೆ ತೊಳೆದಂತೆ.
ಪಂಪಿನ ಉಕ್ಕಿನ ರೆಕ್ಕೆಯನ್ನೂ ಬದಲಿಸಿದರು.
ಹೊಸ ಲೋಹ ಹಸಿದದ್ದಂತೆ, ಉಕ್ಕನ್ನೇ ನೆಕ್ಕಿ ತಿನ್ನುತ್ತದಂತೆ.

ಡಬ್ಬದ ಮೇಲೆ ಬರೆದಿತ್ತು:
ನೂರಕ್ಕೆ ತೊಂಬತ್ತೊಂಬತ್ತು ತವರ, ಉಳಿದ ಚೂರು ತಾಮ್ರ.
ನಗು ಬಂತು. ತವರ ಅಂದರೆ ನನಗೆ ತವರೇ.
ನಮ್ಮ ದಾದಾ, ಕಲಾಯಿ ದಸ್ತಗೀರಸಾಬ,
ತೀನ್ ಕಂದಿಲಿನ ಆಸುಪಾಸು ನೆಲ ತೋಡಿ, ತಿದಿ ಒತ್ತಿ
ಊರ ಹಿತ್ತಾಳೆಗೆಲ್ಲ ಬೆಳ್ಳಿ ಬಣ್ಣ ಕೊಟ್ಟವರು.
ನವಸಾಗರದ ಹೊಗೆಯಲ್ಲಿ ಕೆಮ್ಮುತ್ತ ಹೇಳುತ್ತಿದ್ದರು:
“ಸೀಸ ಬೆರೆಸಿದ್ರ ರೊಕ್ಕ ಉಳೀತದ, ಭಾಳ ಹೊಳೀತದ.
ಆದ್ರ ಅದರಾಗ ಹುಣಸಿ ಸಾರು ಕುದೀತದ, ಬೇಟಿ.
ಉಣ್ಣೋವು ಕೂಸುಗೋಳು.”

ಅಂಥವರ ಮೊಮ್ಮಗಳು ನಾನು
ಹನ್ನೊಂದು ವರ್ಷ ಸೀಸದ ಕಿಟ್ಟ ಬಾಚಿದೆ.
ಮನೆ ಮುಟ್ಟಿದೊಡನೆ ಮಗನನ್ನು ಎತ್ತಿಕೊಳ್ಳದೆ
ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ.
ಅವನು ಅಳುತ್ತಿದ್ದ. ಎಷ್ಟೋ ಸಲ
ನಲ್ಲಿಯಲ್ಲಿ ನೀರೇ ಇರುತ್ತಿರಲಿಲ್ಲ.

ಸಂಜೆ ಐದಕ್ಕೆ ಮೊದಲ ಬೋರ್ಡು ಬಂತು,
ಇನ್ನೂರಾ ಅರವತ್ತೈದರಲ್ಲಿ ಮಿಂದು.
ಒಂದು ಮೂಲೆಯಲ್ಲಿ ಎರಡು ಕಾಲು ಅಂಟಿಕೊಂಡಿದ್ದವು,
ಇನ್ನೊಂದರಿಂದ ಚೂಪು ಮುಳ್ಳು ಇಳಿಬಿದ್ದಿತ್ತು.
ಇಂಥದ್ದಕ್ಕೆ ಪುಸ್ತಕದಲ್ಲಿ ಹಿಮದ ಕಡ್ಡಿ ಅನ್ನುತ್ತಾರಂತೆ.
ಹಿಮ! ರಾಯಚೂರಿನಲ್ಲಿ!
ಮೌಲಪ್ಪ ನೆಲದ ಮೇಲೆ ಕೂತು ನಕ್ಕ.

ಉಳಿದವೆಲ್ಲ ಸರಿ. ಆದರೆ ಮಂಕು,
ತಿಕ್ಕಿ ತೊಳೆಯದೆ ಬಿಟ್ಟ ತಟ್ಟೆಯ ಹಾಗೆ.
ತಪಾಸಣೆಯ ಅಮರೇಗೌಡರು ಕೆಂಪು ಚೀಟಿ ಅಂಟಿಸುತ್ತ ಹೋದರು,
ಒಂದು, ಎರಡು, ಹದಿನಾಲ್ಕು.
“ಹೊಳಪಿಲ್ಲ. ಒಣ ಬೆಸುಗೆ.”
ನಾನು ಭೂತಗನ್ನಡಿ ಕೊಟ್ಟೆ.
ಹೊಳಪು ಬಿಡ್ರಿ ಸರ್, ಅಂಚು ನೋಡ್ರಿ,
ತಾಮ್ರಕ್ಕ ಹ್ಯಾಂಗ ತಬ್ಬಿಕೊಂಡದ.
ಬಹಳ ಹೊತ್ತು ನೋಡಿದರು. ಒಂದು ಚೀಟಿ ಕಿತ್ತರು.
ಹದಿಮೂರನ್ನು ನಾಳೆಗೆ ಇಟ್ಟರು.

ಬೇಲಿಯ ಪಕ್ಕ ಹಳೆಯ ಇಟ್ಟಿಗೆಗಳು ಇನ್ನೂ ಬೆಚ್ಚಗಿದ್ದವು.
ಗುಜರಿಯವನು ತಕ್ಕಡಿ ತಂದಿದ್ದ.
ನದಿಯ ಕಡೆಯ ಅಂಬಿಗನೊಬ್ಬ
ಬಲೆಗೆ ಗುಂಡು ಕಟ್ಟಲು ಎರಡು ಕಿಲೋ ಕೇಳುತ್ತಿದ್ದ.
ಚೌಕಾಸಿ ನಡೆದಿತ್ತು.
ನಾನು ಕೈ ತೊಳೆದೆ,
ರೂಢಿಯಂತೆ, ಎರಡು ಸಲ.